ಒಕ್ಕಲು ಮನೆಯಲ್ಲಿ ಬೆಳೆದವರು ನೋಡಬೇಕಾದ ಜಾನಪದ ಲೋಕ

ರಾಮನಗರದ ಜಾನಪದ ಲೋಕ ವಸ್ತುಸಂಗ್ರಹಾಲಯಕ್ಕೆ ಗೊಂಬೆ, ಮುಖವಾಡ, ವಾದ್ಯಗಳನ್ನು ನೋಡಲೆಂದು ಹೋಗುವವರೇ ಹೆಚ್ಚು. ಮಳೆಯನ್ನೇ ನೆಚ್ಚಿದ ರಾಗಿ ಸೀಮೆಯಲ್ಲಿ ಬೆಳೆದ ನನಗೆ ಮಾತ್ರ ಅದು ಎಲ್ಲಕ್ಕಿಂತ ಮೊದಲು ಹಳೆಯ ಒಕ್ಕಲು ಮನೆಯ ದಾಖಲೆಯಾಗಿ ಕಾಣುತ್ತದೆ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ಜನರಿಗೆ ತೆರೆದ ಈ 15 ಎಕರೆಯ ತಾಣದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಲೋಕಮಾತಾ ಮಂದಿರದಲ್ಲಿ. ಬೀಸುವ ಕಲ್ಲು, ಒನಕೆ, ಮೊರ, ಕಾಳುಕಡ್ಡಿ ತುಂಬಿಡುತ್ತಿದ್ದ ಪಾತ್ರೆಗಳನ್ನೆಲ್ಲ ಒಂದೆಡೆ ಕಂಡಾಗ, ಕೋಳಿ ಕೂಗುವ ಹೊತ್ತಿಗೆ ರಾಗಿ ಬೀಸಲು ಕೂರುತ್ತಿದ್ದ ಅವ್ವಂದಿರ ದುಡಿಮೆಗೆ ಇಲ್ಲಿ ತಕ್ಕ ಗೌರವ ಸಿಕ್ಕಿದೆ ಎನಿಸುತ್ತದೆ.

ಬೇಸಾಯದ ಸಲಕರಣೆಗಳ ಪೈಕಿ ಮಕ್ಕಳಿಗೆ ತಪ್ಪದೆ ವಿವರಿಸಬೇಕಾದದ್ದು ಬೀಜ ಬಿತ್ತುವ ಕೂರಿಗೆ. ಎತ್ತುಗಳು ಮುಂದೆ ನಡೆದಂತೆಲ್ಲ ಬಟ್ಟಲಿಗೆ ಬಿಟ್ಟ ರಾಗಿ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲುಸಾಲಾಗಿ ನೆಲ ಸೇರುತ್ತಿತ್ತು. ಬಿತ್ತುವವರ ಕೈಹದ ತಪ್ಪಿದರೆ ಪೈರು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳುವಾಗಿ ಬರುತ್ತಿದ್ದುದರಿಂದ ಆ ಕೆಲಸವನ್ನು ಪಳಗಿದವರಿಗೇ ವಹಿಸುತ್ತಿದ್ದರು. ರಾಗಿಯ ನಡುನಡುವೆ ಬೇರೆ ಬೆಳೆಗೆಂದು ಬಿಟ್ಟ ಅಕ್ಕಡಿ ಸಾಲುಗಳಿಗೆ ಅವರೆ, ತೊಗರಿಯನ್ನು ಸಡ್ಡೆಯೆಂಬ ಒಂಟಿ ಕೊಳವೆಯಿಂದ ಬಿಡುತ್ತಿದ್ದರು. ಹಕ್ಕಿ ಕಾಯುವುದು, ಕಣದಲ್ಲಿ ತೆನೆ ಒಕ್ಕುವ ರೋಣಗಲ್ಲು ಎಳೆಯುವ ಎತ್ತುಗಳ ಹಿಂದೆ ಸುತ್ತುವುದು ನಮ್ಮಂಥ ಮಕ್ಕಳ ಪಾಲಿಗೆ ಬರುತ್ತಿತ್ತು. ಒಕ್ಕಿದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅದರ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಹೊತ್ತು ಬಿಟ್ಟು, ಉರಿಯುವ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

ಇಂಥ ಸಂಗತಿಗಳು ವಸ್ತುವನ್ನು ಕಂಡ ಮಾತ್ರಕ್ಕೆ ತಿಳಿಯುವಂಥವಲ್ಲ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವವರು ಬೇಸಾಯ ಮಾಡಿದ ಅಜ್ಜ ಅಜ್ಜಿಯರನ್ನೂ ಜೊತೆಗೆ ಕರೆದೊಯ್ಯಬೇಕೆಂದು ಒತ್ತಿ ಹೇಳುತ್ತೇನೆ. ನೇಗಿಲಿನ ಮೇಣಿ ಹಿಡಿದ ಕೈಯವರು ಪಕ್ಕದಲ್ಲಿದ್ದರೆ ಒಂದೊಂದು ಸಲಕರಣೆಯ ಮುಂದೆಯೂ ಮಾತು ಬೆಳೆಯುತ್ತದೆ. ಅವಸರದಲ್ಲಿ ಸುತ್ತಿ ಬರುವವರಿಗೆ ಅದು ದಕ್ಕುವುದಿಲ್ಲ. ಕನಿಷ್ಠ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಮಂಗಳವಾರ ರಜೆ. ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರದ ಒಳಗೆ ಬಾರದೆ ಹೊರಗಿನಿಂದಲೇ ಹಾದು ಹೋಗುವುದರಿಂದ, ಬೆಂಗಳೂರಿನಿಂದ ಬರುವವರು ಹಳೆಯ ಮೈಸೂರು ರಸ್ತೆಯನ್ನೇ ಹಿಡಿಯಬೇಕು.