ಅಪ್ಪಯ್ಯನ ಡಿವಿಡಿ ಪ್ಲೇಯರ್ ಮತ್ತು ಎಸ್.ಪಿ. ರೋಡಿನ ಪುಟ್ಟ ಡಬ್ಬಿ

ಅಪ್ಪಯ್ಯನ ಹತ್ತಿರ ಎರಡು ರಟ್ಟಿನ ಪೆಟ್ಟಿಗೆ ತುಂಬ ಡಿಸ್ಕ್ ಇವೆ. ಒಂದರಲ್ಲಿ ಪೂರ್ತಿ ಯಕ್ಷಗಾನದ ವಿಸಿಡಿಗಳು. ಇನ್ನೊಂದರಲ್ಲಿ ಸಿನಿಮಾ ಡಿವಿಡಿಗಳು, ಜೊತೆಗೆ ನಮ್ಮ ಮನೆಯ ಮದುವೆ, ಉಪನಯನದ್ದು. ತೀರ್ಥಹಳ್ಳಿ ಮನೆಯ ಡಬ್ಬಾ ಟಿವಿ ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಹೋಯಿತು. ಪ್ಲೇಯರ್ ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರಿಂದ ಉಳಿಯಿತು. ದೀಪಾವಳಿಗೆ 43 ಇಂಚಿನ ಹೊಸ ಟಿವಿ ಬಂತು. ಅಪ್ಪಯ್ಯ ಮೊದಲ ದಿನವೇ ಕೆಂಪು, ಬಿಳಿ, ಹಳದಿ ಎವಿ ವಯರ್ ಹಿಡಿದು ಟಿವಿ ಹಿಂದೆ ನಿಂತಿದ್ದರು. ಚುಚ್ಚಲು ಜಾಗವೇ ಇಲ್ಲ. ಚಿತ್ರ, ಸೌಂಡ್ ಎರಡನ್ನೂ ಒಂದೇ ಕೇಬಲ್‌ನಲ್ಲಿ ತರುವ ಎಚ್‌ಡಿಎಂಐ ಮೂರು, ಎರಡು ಯುಎಸ್‌ಬಿ, ಒಂದು ಆಂಟೆನಾ, ಅಷ್ಟೇ. ನಮ್ಮ ಪ್ಲೇಯರ್‌ನಲ್ಲಿ ಎಚ್‌ಡಿಎಂಐ ಇಲ್ಲ.

ಹಳೇ ವಯರಿನ ಚಿತ್ರವನ್ನು ಎಚ್‌ಡಿಎಂಐಗೆ ಬದಲಾಯಿಸುವ ಡಬ್ಬಿ ಬೇಕಿತ್ತು. ಮೊದಲು ಒಂದು ಅಂಗಡಿಯಲ್ಲಿ 'ಎವಿ-ಎಚ್‌ಡಿಎಂಐ ಕನ್ವರ್ಟರ್ ಕೊಡಿ' ಅಂತ ಕೇಳಿ ತಂದೆ. ಎಲ್ಲ ಜೋಡಿಸಿದರೂ ಟಿವಿಯಲ್ಲಿ 'ನೋ ಸಿಗ್ನಲ್' ಅನ್ನೋದು ಹೋಗಲೇ ಇಲ್ಲ. ಒಂದು ಸಂಜೆ ಪೂರ್ತಿ ಹಾಳಾಯಿತು. ಕೊನೆಗೆ ಕನ್ನಡಕ ಹಾಕಿಕೊಂಡು ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿದೆ. ಅದು ಎಚ್‌ಡಿಎಂಐನಿಂದ ಎವಿಗೆ ಹೋಗುವ ಡಬ್ಬಿ! ಅಂದರೆ ಹೊಸ ಸೆಟ್ ಟಾಪ್ ಬಾಕ್ಸನ್ನು ಹಳೇ ಟಿವಿಗೆ ಹಾಕುವಂಥದ್ದು. ನಮಗೆ ಬೇಕಾಗಿದ್ದು ಅದರ ಉಲ್ಟಾ. ಎರಡೂ ನೋಡಲು ಅವಳಿ ಜವಳಿ. ಅದೇ ಬಿಳಿ ಪ್ಲಾಸ್ಟಿಕ್, ಅದೇ ಮೂರು ಬಣ್ಣದ ತೂತು. ನೀವು ಕೊಳ್ಳುವಾಗ ಮೂರು ಬಣ್ಣದ ತೂತಿನ ಹತ್ತಿರ 'ಇನ್‌ಪುಟ್' ಅಂತಲೂ, ಎಚ್‌ಡಿಎಂಐ ಹತ್ತಿರ 'ಔಟ್‌ಪುಟ್' ಅಂತಲೂ ಬರೆದಿದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಒಂದು ಸಣ್ಣ ಅಂಗಡಿಯವರು ನಾನು ಕೇಳಿದ ಕೂಡಲೇ ಡಬ್ಬಿ ತೆಗೆದು ಕೊಡಲಿಲ್ಲ. 'ಮೇಡಂ, ಟಿವಿ ಹಿಂದೆ ಇಯರ್‌ಫೋನ್ ತೂತಿನ ಥರ ಒಂದಕ್ಕೆ ಎವಿ ಅಂತ ಬರೆದಿದೆಯಾ ನೋಡಿದ್ರಾ? ಇದ್ರೆ ಈ ಡಬ್ಬಿ ಬೇಡ, ಬರೀ ವಯರ್ ಸಾಕು' ಅಂದರು. ಎಷ್ಟೋ ಹೊಸ ಟಿವಿಗಳಲ್ಲಿ ಆ 3.5 ಮಿ.ಮೀ. ತೂತು ಇರುತ್ತದಂತೆ. ಮೂರು ವಯರೂ ಆ ಒಂದೇ ಪಿನ್ನಿಗೆ ಸೇರುತ್ತವೆ. ಒಂದೊಂದು ವಯರ್‌ನಲ್ಲಿ ಪಿನ್ನಿನ ಒಳಗಿನ ಜೋಡಣೆ ಬೇರೆ ಇರುತ್ತದೆ, ಚಿತ್ರ ಬರದಿದ್ದರೆ ಹಳದಿ ಜಾಗಕ್ಕೆ ಕೆಂಪೋ ಬಿಳಿಯೋ ಹಾಕಿ ನೋಡಿ ಅಂತಲೂ ಹೇಳಿದರು. ಆಮೇಲೆ ಅಕ್ಕನ ಮನೆಯ ಟಿವಿಯಲ್ಲಿ ಅದು ನಿಜವೇ ಆಯಿತು. ಮೊದಲು ಚಿತ್ರ ಇರಲಿಲ್ಲ, ಬರೀ ಗೊರ ಗೊರ ಸದ್ದು. ವಯರ್ ಅದಲು ಬದಲು ಮಾಡಿದ ತಕ್ಷಣ ಸರಿಯಾಯಿತು. ಮಾರಾಟ ಕಮ್ಮಿ ಆದರೂ ಪರವಾಗಿಲ್ಲ ಅಂತ ಇಷ್ಟು ಬಿಡಿಸಿ ಹೇಳಿದರಲ್ಲ, ಆ ಅಂಗಡಿಯವರಿಗೆ ನಾನು ಋಣಿ.

ನಮ್ಮ ಟಿವಿಯಲ್ಲಿ ಆ ತೂತೂ ಇರಲಿಲ್ಲ. ಹಾಗಾಗಿ ಡಬ್ಬಿಯನ್ನೇ ತಗೊಂಡೆ. 380 ರೂಪಾಯಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಜೊತೆಗೆ ಒಂದು ಯುಎಸ್‌ಬಿ ವಯರ್ ಬರುತ್ತದೆ, ಎಚ್‌ಡಿಎಂಐ ಕೇಬಲ್ ಬರುವುದಿಲ್ಲ, ಬೇರೆ ತಗೋಬೇಕು. ಕರೆಂಟಿಗೆ ಯುಎಸ್‌ಬಿ ವಯರನ್ನು ಟಿವಿಗೇ ಸಿಕ್ಕಿಸಿದೆ. ಮೊದಲ ಅರ್ಧ ಗಂಟೆ ಚಿತ್ರ ಆಗಾಗ ಕಪ್ಪಾಗಿ ವಾಪಸ್ ಬರುತ್ತಿತ್ತು. ಅದನ್ನೇ ಹಳೇ ಮೊಬೈಲ್ ಚಾರ್ಜರ್‌ಗೆ ಹಾಕಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಯಕ್ಷಗಾನದ ವಿಸಿಡಿ ಹಾಕಿದೆ, ಚಿತ್ರ ಬಂತು. ಆದರೆ ಅಪ್ಪಯ್ಯನ ಮುಖ ಅರಳಲಿಲ್ಲ.

'ಇದೆಂಥ ಮಾರಾಯ್ತಿ, ಕೇದಗೆ ಮುಂದಲೆ ಹೀಗೆ ಅಡ್ಡಕ್ಕೆ ಹರಡಿದೆ?'

ಸರಿಯಾಗೇ ಹೇಳಿದ್ದರು. ಯಕ್ಷಗಾನ ವೇಷದ ತಲೆಯುಡುಗೆ ಅದು, ತಲೆ ಮೇಲೆ ನೆಟ್ಟಗೆ ನಿಲ್ಲಬೇಕಾದ ಮುಂದಲೆ ಮೇಲಿಂದ ಯಾರೋ ಅಮುಕಿದ ಹಾಗೆ ಕಾಣುತ್ತಿತ್ತು. ವೇಷಧಾರಿಯ ಭುಜ ಅಗಲ, ಕಾಲು ಗಿಡ್ಡ. ಹಳೇ ವಿಸಿಡಿಗಳ ಚಿತ್ರ ಅಗಲ-ಎತ್ತರದ ಲೆಕ್ಕದಲ್ಲಿ 4:3 ಅಳತೆಯದು, ಟಿವಿ 16:9. ಈ ಡಬ್ಬಿ ಏನೂ ಕೇಳದೆ ಚಿತ್ರವನ್ನು ಎರಡೂ ಬದಿಗೆ ಎಳೆದು ಪರದೆ ತುಂಬಿಸುತ್ತದೆ. ಇದರ ದೊಡ್ಡ ದೋಷ ಇದೇ. ಡಬ್ಬಿಯಲ್ಲಿ ಅದಕ್ಕೆ ಬಟನ್ ಇಲ್ಲ. ಟಿವಿಯ ಪಿಕ್ಚರ್ ಸೆಟ್ಟಿಂಗ್ ಒಳಗೆ ಹುಡುಕಿ ಅಳತೆಯನ್ನು 4:3 ಮಾಡಿದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂತು, ಮುಂದಲೆ ಎದ್ದು ನಿಂತಿತು. ಅಗಲ ಪರದೆಯ ಸಿನಿಮಾ ಡಿವಿಡಿ ಹಾಕುವಾಗ ಮತ್ತೆ 16:9ಕ್ಕೆ ತರಬೇಕು, ಪ್ಲೇಯರ್‌ನ ಸೆಟಪ್‌ನಲ್ಲೂ ಟಿವಿ ಟೈಪ್ 16:9 ಇರಬೇಕು. ಎಲ್ಲ ಟಿವಿಯಲ್ಲೂ ಎಚ್‌ಡಿಎಂಐಗೆ 4:3 ಆಯ್ಕೆ ಸಿಗುವುದಿಲ್ಲ. ಡಬ್ಬಿ ಕೊಳ್ಳುವ ಮೊದಲೇ ನಿಮ್ಮ ಟಿವಿಯಲ್ಲಿ ನೋಡಿಬಿಡಿ.

ಡಬ್ಬಿಯ ಪಕ್ಕದಲ್ಲಿ 720, 1080 ಅಂತ ಒಂದು ಸಣ್ಣ ಸ್ವಿಚ್ ಇದೆ, ಚಿತ್ರದಲ್ಲಿ ಮೇಲಿಂದ ಕೆಳಗೆ ಎಷ್ಟು ಗೆರೆ ಅನ್ನುವ ಲೆಕ್ಕ ಅದು. 1080ಕ್ಕೆ ತಳ್ಳಿದರೆ ಚಿತ್ರ ಚೆನ್ನಾಗಿ ಆಗುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಸಿಗುತ್ತಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಇರುವುದೇ 720×576 ಚುಕ್ಕಿ, ವಿಸಿಡಿಯಲ್ಲಿ 352×288. ಇಲ್ಲದ್ದನ್ನು ಡಬ್ಬಿ ಎಲ್ಲಿಂದ ತರುತ್ತದೆ? ವಿಸಿಡಿ ದೊಡ್ಡ ಪರದೆಯಲ್ಲಿ ಮಸುಕೇ. ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕಿಕೊಂಡರೆ ಹಿತವಾಗಿ ಕಾಣುತ್ತದೆ.

ಸೌಂಡಿನಲ್ಲಿ ಎರಡು ಸಂಗತಿ. ಸಿನಿಮಾ ಹಾಕಿದಾಗ ಹಾಡು ಜೋರು, ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ. ಪ್ಲೇಯರ್ 5.1, ಅಂದರೆ ಆರು ಸ್ಪೀಕರ್‌ಗೆ ಸೆಟ್ ಆಗಿತ್ತು. ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಹೋಗುತ್ತದೆ, ನಮ್ಮ ಹತ್ತಿರ ಇರುವುದು ಎಡ ಬಲ ಎರಡೇ ವಯರ್. ಸೆಟಪ್‌ನಲ್ಲಿ ಸ್ಟೀರಿಯೋ ಮಾಡಿದ ಕೂಡಲೇ ಮಾತು ಮುಂದೆ ಬಂತು. ಇನ್ನೊಂದು ಅಪ್ಪಯ್ಯ ಕಂಡುಹಿಡಿದಿದ್ದು. ಸೌಂಡ್ ಜಾಸ್ತಿ ಇರಲಿ ಅಂತ ನಾನು ಆಡಿಯೋ ವಯರನ್ನು ಪ್ಲೇಯರ್‌ನಿಂದ ನೇರ ಹಳೇ ಸ್ಪೀಕರ್‌ಗೆ ಕೊಟ್ಟಿದ್ದೆ. ಎರಡು ನಿಮಿಷ ನೋಡಿ, 'ಚಂಡೆ ಮೊದಲು ಬರ್ತದೆ, ಹೆಜ್ಜೆ ಆಮೇಲೆ' ಅಂದರು. ನನಗೆ ಗೊತ್ತೇ ಆಗಿರಲಿಲ್ಲ. ಡಬ್ಬಿ ಮತ್ತು ಟಿವಿ ಚಿತ್ರವನ್ನು ಬದಲಾಯಿಸಲು ಒಂಚೂರು ಹೊತ್ತು ತಗೊಳ್ಳುತ್ತವೆ, ನೇರ ಬಂದ ಸೌಂಡ್ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಆಡಿಯೋವನ್ನೂ ಡಬ್ಬಿ ಮೂಲಕವೇ ಕಳಿಸಿ, ಸ್ಪೀಕರನ್ನು ಟಿವಿಗೆ ಜೋಡಿಸಿದೆ. ಈಗ ತಾಳಕ್ಕೆ ಹೆಜ್ಜೆ ಸರಿಯಾಗಿ ಬೀಳುತ್ತದೆ.

ನಾಲ್ಕು ತಿಂಗಳಾಯಿತು. ಡಬ್ಬಿ ಸ್ವಲ್ಪ ಬೆಚ್ಚಗಾಗುತ್ತದೆ, ಬಿಟ್ಟರೆ ತಕರಾರಿಲ್ಲ. ನಿಮ್ಮ ಪ್ಲೇಯರ್‌ನಲ್ಲೇ ಎಚ್‌ಡಿಎಂಐ ಇದ್ದರೆ ಇದರ ಗೊಡವೆ ಬೇಡ, ಒಂದು ಕೇಬಲ್ ಸಾಕು, ಚಿತ್ರವೂ ಇದಕ್ಕಿಂತ ಚೆನ್ನ. ಇಲ್ಲದಿದ್ದರೆ ಧೈರ್ಯವಾಗಿ ತಗೊಳ್ಳಿ. ಮೊನ್ನೆ ಅತ್ತೆಯ ಮದುವೆ ಡಿಸ್ಕ್ ಹಾಕಿದ್ದೆವು. ಧಾರೆ ಮಂಟಪದ ಹಿಂದೆ ಅಜ್ಜಿ ಮಲ್ಲಿಗೆ ಮಾಲೆ ಬಿಡಿಸುತ್ತಾ ಕೂತಿದ್ದಾಳೆ, ಕ್ಯಾಮೆರಾ ಕಡೆ ನೋಡುವುದೂ ಇಲ್ಲ. ಅಜ್ಜಿ ಹೋಗಿ ಒಂಬತ್ತು ವರ್ಷ. ಅಪ್ಪಯ್ಯ ರಿಮೋಟ್ ಕೈಲಿ ಹಿಡಿದು ಅದೇ ಜಾಗಕ್ಕೆ ಮೂರು ಸಲ ಹಿಂದೆ ಹೋದರು.