ಮ್ಯಾಗ್ನೆಟ್ ಕಿತ್ತ ಪೋರ್ಷೆ 917ಕೆ: ಸ್ಲಾಟ್ ಕಾರಿನ ದೀರ್ಘ ಬಳಕೆಯ ವಿಮರ್ಶೆ

ಸ್ಲಾಟ್ ಕಾರು ಎಂದರೆ ಟ್ರ್ಯಾಕಿನ ಸೀಳಿನಲ್ಲಿ, ಅದರ ಲೋಹದ ಪಟ್ಟಿಗಳಿಂದ ವಿದ್ಯುತ್ ಪಡೆದು ಓಡುವ ಪುಟ್ಟ ರೇಸ್ ಕಾರು; ವೇಗ ಕೈಯಲ್ಲಿರುವ ಟ್ರಿಗರ್‌ನ ಹಿಡಿತದಲ್ಲಿರುತ್ತದೆ. ನನ್ನಲ್ಲಿರುವುದು 1/32 ಅಳತೆಯ, ಕೆಂಪು-ಬಿಳಿ ಬಣ್ಣದ 23ನೇ ನಂಬರಿನ ಕಾರು. 1970ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಹಾನ್ಸ್ ಹೆರ್ಮಾನ್ ಮತ್ತು ರಿಚರ್ಡ್ ಆಟ್‌ವುಡ್ ಜೋರು ಮಳೆಯ ನಡುವೆ ಓಡಿಸಿ, ಪೋರ್ಷೆಗೆ ಅಲ್ಲಿ ಮೊಟ್ಟಮೊದಲ ಒಟ್ಟಾರೆ ಗೆಲುವು ತಂದುಕೊಟ್ಟ ಕಾರಿನ ಮಾದರಿ. ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಬ್ರ್ಯಾಂಡ್ ಯಾವುದೆಂದು ಬರೆಯುವುದಿಲ್ಲ. ಈ ಕಾರಿನ ಮಾದರಿಯನ್ನು ಹಲವರು ಮಾಡುತ್ತಾರೆ, ಇಲ್ಲಿ ಹೇಳುವ ಬಹುಪಾಲು ಸಂಗತಿ ಎಲ್ಲಕ್ಕೂ ಸಲ್ಲುತ್ತದೆ.

ನೋಟಕ್ಕೆ ದೂರುವಂಥದ್ದು ಹೆಚ್ಚಿಲ್ಲ. ಮೊಂಡು ಬಾಲದ ಗೆರೆಗಳು ಸರಿಯಾಗಿವೆ. ಗಾಳಿಯಿಂದಲೇ ತಂಪಾಗುತ್ತಿದ್ದ ಆ 12 ಸಿಲಿಂಡರಿನ ಎಂಜಿನ್ ಮೇಲೆ ಮಲಗಿದಂತಿರುವ ಫ್ಯಾನು ಕೂಡ ಕಾಣುತ್ತದೆ. ಡ್ರೈವರ್‌ಗೆ ಮಾತ್ರ ಸೊಂಟದ ಕೆಳಗೆ ಏನೂ ಇಲ್ಲ. ಅಸಲಿ ಕಾರಿನಲ್ಲಿ ಡ್ರೈವರ್‌ನ ಪಾದಗಳು ಮುಂದಿನ ಆಕ್ಸಲ್‌ಗಿಂತಲೂ ಮುಂದಿರುತ್ತಿದ್ದವು, ಇಲ್ಲಿ ಆ ಜಾಗವೆಲ್ಲ ಗೈಡ್ (ಸೀಳಿನಲ್ಲಿ ಇಳಿದು ಕಾರಿಗೆ ದಾರಿ ತೋರುವ ತುಂಡು) ಮತ್ತು ವೈರುಗಳದ್ದು. ಕನ್ನಡಿ, ವೈಪರ್ ಎರಡೂ ಯಾವಾಗಲೋ ಮುರಿದು ಹೋದವು. ಓಡಿಸುವ ಕಾರಿನಲ್ಲಿ ಅವು ಉಳಿಯುವುದೂ ಇಲ್ಲ.

ನಿಜವಾದ ವಿಷಯ ಮ್ಯಾಗ್ನೆಟ್. ಡಬ್ಬಿಯಿಂದ ತೆಗೆದ ಹಾಗೇ ಇಟ್ಟರೆ, ಚಾಸಿಯ ತಳದ ಮ್ಯಾಗ್ನೆಟ್ ಟ್ರ್ಯಾಕಿನ ಲೋಹದ ಪಟ್ಟಿಯನ್ನು ಹಿಡಿದುಕೊಂಡು ಕಾರನ್ನು ಅದುಮಿ ಕೂರಿಸುತ್ತದೆ. ಟ್ರಿಗರ್ ಪೂರ್ತಿ ಒತ್ತಿದರೂ ತಿರುವು ದಾಟುತ್ತದೆ. ಹಿಡಿತ ತಪ್ಪಿದರೆ ಮುನ್ಸೂಚನೆಯೇ ಇಲ್ಲದೆ ಹಾರಿ ನೆಲಕ್ಕೆ ಬೀಳುತ್ತದೆ. ವೇಗ ಇದೆ, ಮಜಾ ಇಲ್ಲ.

ಮ್ಯಾಗ್ನೆಟ್ ಕಿತ್ತರೆ ಬೇರೆಯದೇ ಕಾರು. ಆರಂಭದಲ್ಲಿ ಪ್ರತಿ ತಿರುವಿನಲ್ಲೂ ಬಾಲ ಹೊರಗೆ ಹೋಗುತ್ತದೆ. ಇದರಲ್ಲೊಂದು ತಮಾಷೆಯಿದೆ: 1969ರ ಅಸಲಿ 917ರ ಕಾಯಿಲೆಯೂ ಅದೇ. ವೇಗ ಹೆಚ್ಚಿದಂತೆ ಹಿಂಭಾಗ ನೆಲ ಹಿಡಿಯುತ್ತಿರಲಿಲ್ಲ, ಡ್ರೈವರ್‌ಗಳು ಓಡಿಸಲು ಹೆದರುತ್ತಿದ್ದರು. ಅದೇ ವರ್ಷ ಆಸ್ಟ್ರಿಯಾದ ಜೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆದಾಗ ಪೋರ್ಷೆ ಪರವಾಗಿ ಈ ಕಾರನ್ನು ರೇಸಿಗಿಳಿಸಲಿದ್ದ ಜಾನ್ ವೈಯರ್ ತಂಡದವರ ಕಣ್ಣಿಗೆ ಬಿದ್ದದ್ದು ಸತ್ತ ಹುಳುಗಳು. ಮುಂಭಾಗಕ್ಕೆಲ್ಲ ಅಂಟಿದ್ದವು, ಬಾಲದ ಮೇಲೆ ಇರಲಿಲ್ಲ. ಅಂದರೆ ಗಾಳಿ ಬಾಲವನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಯೂಮಿನಿಯಂ ಹಾಳೆ ಕತ್ತರಿಸಿ ಬಾಲವನ್ನು ಮೇಲಕ್ಕೆತ್ತಿದರು, ಕಾರು ಹದಕ್ಕೆ ಬಂತು. ಮೊಂಡು ಬಾಲದ 917ಕೆ ಹುಟ್ಟಿದ್ದು ಹೀಗೆ.

ನಮ್ಮ ಪುಟ್ಟ ಕಾರಿಗೆ ಗಾಳಿಯ ಲೆಕ್ಕವಿಲ್ಲ, ಔಷಧಿ ಟೈರಿನಲ್ಲಿದೆ. ಕಂಪನಿ ಕೊಟ್ಟ ಹಿಂದಿನ ಟೈರು ಪೂರ್ತಿ ದುಂಡಗಿರಲಿಲ್ಲ, ನಡುವೆ ಅಚ್ಚಿನ ಏಣು ಬೇರೆ. ರಿಮ್ಮಿಗೆ ಅಂಟಿಸಿ, ಕಡಿಮೆ ವೋಲ್ಟೇಜಿನಲ್ಲಿ ಚಕ್ರ ತಿರುಗಿಸುತ್ತ ಮರಳು ಕಾಗದಕ್ಕೆ ತಾಗಿಸಿ ಸಮ ಮಾಡಿದೆ. ಈ ಒಂದು ಕೆಲಸದಿಂದ ಆದ ಬದಲಾವಣೆ ಬೇರೆ ಯಾವುದರಿಂದಲೂ ಆಗಲಿಲ್ಲ. ಬಾಡಿಯ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿದ್ದೇನೆ, ಬಾಡಿ ತುಸು ಅಲುಗಾಡಿದರೆ ತಿರುವಿನಲ್ಲಿ ಚಾಸಿ ಎಗರುವುದಿಲ್ಲ. ಗೈಡ್ ಹಿಂದೆ ಒಂದು ಚೂರು ಸೀಸ ಅಂಟಿಸಿದೆ. 12 ವೋಲ್ಟ್ ಬದಲು ಅದಕ್ಕಿಂತ ಕಡಿಮೆ ಇಟ್ಟು ಓಡಿಸುತ್ತೇನೆ. ಈಗ ಬಾಲ ಜಾರುವುದು ಕಾಣುತ್ತದೆ, ಬೆರಳು ಸಡಿಲಿಸಲು ಸಮಯ ಸಿಗುತ್ತದೆ.

ಸವೆತದ ಮಾತು. ಪಟ್ಟಿಯಿಂದ ವಿದ್ಯುತ್ ಎತ್ತಿಕೊಳ್ಳುವ ತಾಮ್ರದ ಹೆಣಿಗೆ, ಅಂದರೆ ಬ್ರೇಡ್, ಹಲವು ಸಲ ಬದಲಾಗಿದೆ, ಅದು ಸಹಜ. ಬೇಸರ ತಂದದ್ದು ಹಿಂದಿನ ಆಕ್ಸಲ್ ಬುಷ್, ಅಂದರೆ ಆಕ್ಸಲ್ ತಿರುಗುವ ಪುಟ್ಟ ಬಳೆ. ಪ್ಲಾಸ್ಟಿಕ್ ಗೂಡಿನಲ್ಲಿ ಸಡಿಲವಾಗಿ ಕುಣಿಯತೊಡಗಿತು, ಗೇರಿನ ಹಲ್ಲುಗಳೂ ಅದರಿಂದಲೇ ಸವೆದವು. ಈ ದರ್ಜೆಯ ಮಾದರಿಯಲ್ಲಿ ಇದು ಆಗಬಾರದಿತ್ತು. ಬುಷ್‌ಗೆ ಒಂದು ಹನಿ ಅಂಟು, ಹೊಸ ಗೇರು, ಸದ್ದು ನಿಂತಿತು. ಮೋಟಾರ್ ಮೊದಲಿನದೇ, ಆಗೊಮ್ಮೆ ಈಗೊಮ್ಮೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಏನನ್ನೂ ಕೇಳಿಲ್ಲ.

ಚಿಕ್ಕ ಮಕ್ಕಳು ಓಡಿಸುವುದಾದರೆ ಮ್ಯಾಗ್ನೆಟ್ ಇರಲಿ. ನೀವೇ ಓಡಿಸುವುದಾದರೆ ಕಾರಿನ ಜೊತೆಗೇ ಹಿಂದಿನ ಟೈರಿನ ಇನ್ನೊಂದು ಜೋಡಿ ಮತ್ತು ಒಂದು ಗೇರು ತರಿಸಿಕೊಳ್ಳಿ. ಮಾದರಿಯ ತಯಾರಿಕೆ ನಿಂತಮೇಲೆ ಬಿಡಿಭಾಗ ಹುಡುಕುವುದು ಕಷ್ಟ.