58, 42, 34: ಕನ್ನಡಕ್ಕೆ ಯಾವ ಸ್ಪ್ಲಿಟ್ ಕೀಬೋರ್ಡ್?

ಎಡಗೈಗೊಂದು, ಬಲಗೈಗೊಂದು ಎಂದು ಎರಡು ತುಂಡಾಗಿರುವ ಸಣ್ಣ ಸ್ಪ್ಲಿಟ್ ಕೀಬೋರ್ಡ್ ಕಟ್ಟಲು ಹೊರಟವರು ಮೊದಲು ಕೇಳುವುದು ಎಷ್ಟು ಕೀ ಇರುವುದನ್ನು ಆರಿಸಲಿ ಅಂತ. ಇಂಗ್ಲಿಷ್ ಮಾತ್ರ ಟೈಪಿಸುವವರಿಗೆ ಇದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ದಿನಾ ಕನ್ನಡವನ್ನೂ ಟೈಪಿಸುವವರಿಗೆ ಆ ಉತ್ತರ ಸಾಲದು. 58 ಕೀಗಳ ಲಿಲಿ58, 42 ಕೀಗಳ ಕಾರ್ನೆ, 34 ಕೀಗಳ ಸ್ವೀಪ್, ಈ ಮೂರನ್ನೂ ನಾನೇ ಬೆಸುಗೆ ಹಾಕಿ ಕಟ್ಟಿದ್ದೇನೆ. ಮೂರರಲ್ಲೂ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎಂಬ ಎರಡೂ ಕನ್ನಡ ವಿನ್ಯಾಸಗಳಲ್ಲಿ (ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ) ಬರೆದು ನೋಡಿದ್ದೇನೆ. ನಿಮ್ಮ ಬೆರಳಿಗೆ ಯಾವ ಕನ್ನಡ ವಿನ್ಯಾಸ ರೂಢಿಯಾಗಿದೆಯೋ ಅದೇ ಕೀಗಳ ಲೆಕ್ಕವನ್ನು ತೀರ್ಮಾನಿಸುತ್ತದೆ. ಅಂಗೈ ದೊಡ್ಡದೋ ಚಿಕ್ಕದೋ ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು ಕಟ್ಟುವ ಕೆಲಸ. ಲಿಲಿ58 ಮತ್ತು ಕಾರ್ನೆಯಲ್ಲಿ ಕೀಗೊಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ) ಬೇಕು. ಅಂದರೆ ಒಂದಕ್ಕೆ 58, ಇನ್ನೊಂದಕ್ಕೆ 42. ಡಯೋಡಿನ ಗೆರೆ ಯಾವ ಕಡೆಗಿದೆ ಎಂದು ಪ್ರತಿ ಸಲವೂ ನೋಡಿಕೊಂಡು ಕೂರಿಸಬೇಕು. ಸ್ವೀಪ್‌ನಲ್ಲಿ ಡಯೋಡೇ ಇಲ್ಲ! ಪ್ರತಿ ಬದಿಯ ಮಿದುಳಾದ ಪ್ರೊ ಮೈಕ್ರೊ ಎಂಬ ಪುಟ್ಟ ಬೋರ್ಡಿನಲ್ಲಿ ಬಳಸಲು 18 ಪಿನ್ ಇರುತ್ತವೆ. ಒಂದು ಬದಿಯ 17 ಕೀಗಳು ನೇರವಾಗಿ 17 ಪಿನ್‌ಗಳಿಗೆ ಹೋಗುತ್ತವೆ. ಉಳಿದ ಒಂದು ಪಿನ್ ಇನ್ನೊಂದು ಬದಿಯ ಜೊತೆ ಮಾತಾಡಲು. ಈ ಲೆಕ್ಕಾಚಾರದ ಅಂದ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಮೊದಲ ಸಲ ಬೆಸುಗೆ ಹಾಕುವವರಿಗೆ ಸ್ವೀಪ್‌ನಷ್ಟು ಸಲೀಸಾದದ್ದು ಈ ಮೂರರಲ್ಲಿ ಇನ್ನೊಂದಿಲ್ಲ. ಬೆಂಗಳೂರಿನಲ್ಲಿರುವವರಿಗೆ ಡಯೋಡ್, ಬೆಸುಗೆಯ ಸೀಸ, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಎಲ್ಲ ಎಸ್‌ಪಿ ರಸ್ತೆಯಲ್ಲೇ ಸಿಗುತ್ತವೆ. ಎರಡು ಬದಿಗಳ ನಡುವೆ ಟಿಆರ್‌ಆರ್‌ಎಸ್ ತಂತಿ (ಇಯರ್‌ಫೋನಿನಂಥ ಪ್ಲಗ್ ಇರುವುದು) ಇದ್ದರೆ ಒಂದು ಎಚ್ಚರಿಕೆ: ಯುಎಸ್‌ಬಿ ಹಾಕಿರುವಾಗ ಅದನ್ನು ಕೀಳಬೇಡಿ, ಚುಚ್ಚಬೇಡಿ. ಪ್ಲಗ್ ಒಳಗೆ ಜಾರುವಾಗ ವಿದ್ಯುತ್ತಿನ ಗೆರೆ ಬೇರೆ ಗೆರೆಗೆ ತಾಗಿ ಬೋರ್ಡ್ ಸುಡಬಹುದು.

ಈಗ ಕನ್ನಡಕ್ಕೆ ಬರೋಣ.

ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಎರಡು ತುಂಡಾದ ಕೀಬೋರ್ಡಿಗೆ ಹೇಳಿ ಮಾಡಿಸಿದಂತಿದೆ, ಅಲ್ವಾ? ‘ಬೇಕು’, ‘ಹೋಗಿ’, ‘ಸೇರಿ’ ಟೈಪಿಸಿ ನೋಡಿ. ಬಲ, ಎಡ, ಬಲ, ಎಡ ಎಂದು ಕೈಗಳು ಸರದಿಯಲ್ಲಿ ಓಡುತ್ತವೆ. ಆದರೆ ಮ, ನ, ವ ಮೂರೂ ಎಡಗೈಯ ಕೆಳಸಾಲಿನಲ್ಲಿವೆ. ಹಾಗಾಗಿ ‘ನಾನು’, ‘ಮನೆ’ ಪೂರ್ತಿ ಎಡಗೈಯಲ್ಲೇ ಮುಗಿಯುತ್ತವೆ. ‘ವ’ ಇರುವ ಕೀಯನ್ನು ಬಲಗೈ ತೋರುಬೆರಳಿನಿಂದ ಒತ್ತುವ ರೂಢಿ ಇದ್ದವರಿಗೆ ಸ್ಪ್ಲಿಟ್ ಕೀಬೋರ್ಡಿನಲ್ಲಿ ಆ ಬೆರಳು ಖಾಲಿ ಮೇಜಿನ ಮೇಲೆ ಬೀಳುತ್ತದೆ. ಕೆಲವು ದಿನ ಕಿರಿಕಿರಿ, ಆಮೇಲೆ ಸರಿಹೋಗುತ್ತದೆ.

ನಿಜವಾದ ತೊಡಕು ಅಂಚಿನಲ್ಲಿದೆ. ಇನ್‌ಸ್ಕ್ರಿಪ್ಟ್ 26 ಅಕ್ಷರಗಳ ಕೀಗಳಲ್ಲಿ ಮುಗಿಯುವುದಿಲ್ಲ. ‘ಡ’ ಇರುವುದು ತೆರೆಯುವ ಚೌಕ ಆವರಣದ ಕೀಯಲ್ಲಿ, ‘ಟ’ ಉದ್ಧರಣ ಚಿಹ್ನೆಯ ಕೀಯಲ್ಲಿ, ಹ್ರಸ್ವ ಒಕಾರ ಅಂಕಿ 1ರ ಪಕ್ಕದ ಕೀಯಲ್ಲಿ. ಬದಿಗೆ ಐದೇ ಕಂಬಗಳ (ಮೇಲಿಂದ ಕೆಳಗಿನ ಸಾಲುಗಳ) ಸ್ವೀಪ್‌ನಲ್ಲಿ ಈ ಮೂರೂ ಕೀ ಇಲ್ಲ. ‘ಡ’ ಇಲ್ಲದೆ ಕನ್ನಡ ಬರೆಯುವುದು ಹೇಗೆ? ಮಾಡು, ನೋಡು, ಹಾಡು, ಹುಡುಗಿ, ಕನ್ನಡ ಎಲ್ಲದರಲ್ಲೂ ಅದೇ. ‘ಕೊಡು’ ಎಂಬ ಪುಟ್ಟ ಪದಕ್ಕೆ ಕಾಣೆಯಾದ ಮೂರರಲ್ಲಿ ಎರಡು ಬೇಕು. ಪಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತಿದರೆ ‘ಡ’ ಬರುವಂತೆ ಕಾಂಬೊ ಬರೆದೆ. ‘ದ’ ಮತ್ತು ‘ಜ’ ಕೂಡಿದರೆ ‘ಡ’. ಕೆಲಸವೇನೋ ನಡೆಯಿತು. ಆದರೆ ಒಂದು ಪುಟ ಬರೆಯುವಷ್ಟರಲ್ಲಿ ಉಂಗುರ ಬೆರಳು, ಕಿರುಬೆರಳು ಸೋತುಹೋದವು. ಅಪರೂಪಕ್ಕೆ ಬರುವ ಚಿಹ್ನೆಗೆ ಕಾಂಬೊ ಸಾಕು. ಸಾಲಿಗೆ ಎರಡು ಮೂರು ಸಲ ಬರುವ ಅಕ್ಷರಕ್ಕೆ ಅದು ಒಗ್ಗುವುದಿಲ್ಲ.

ಕಾರ್ನೆಯಲ್ಲಿ ಎರಡೂ ಬದಿಗೆ ಒಂದೊಂದು ಹೆಚ್ಚಿನ ಕಂಬ ಇದೆ. ಬಲ ಅಂಚಿನ ಮೇಲ್ಸಾಲಿಗೆ ‘ಡ’, ನಡುಸಾಲಿಗೆ ‘ಟ’, ಎಡ ಅಂಚಿನ ಮೇಲೆ ಟ್ಯಾಬ್ ಇದ್ದ ಜಾಗಕ್ಕೆ ಒಕಾರ. ಬ್ಯಾಕ್‌ಸ್ಪೇಸ್ ಹೆಬ್ಬೆರಳಿಗೆ ಇಳಿಯಿತು. ಟ್ಯಾಬ್ ಎರಡನೇ ಲೇಯರಿಗೆ, ಅಂದರೆ ಇನ್ನೊಂದು ಕೀ ಒತ್ತಿದಾಗ ಅದೇ ಕೀಗಳಿಗೆ ಬರುವ ಎರಡನೇ ಅರ್ಥಕ್ಕೆ, ಹೋಯಿತು. ಇನ್‌ಸ್ಕ್ರಿಪ್ಟ್‌ಗೆ ಇದೇ ಕನಿಷ್ಠ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಲಿಲಿ58ರಲ್ಲಿ ಅಂಕಿ ಸಾಲೂ ಇರುವುದರಿಂದ ಶಿಫ್ಟ್ ಒತ್ತಿ ಜ್ಞ, ತ್ರ, ಕ್ಷ, ಶ್ರಗಳನ್ನು ನೇರ ಪಡೆಯಬಹುದು. ಆದರೆ ಅವನ್ನು ಅರ್ಧಾಕ್ಷರ ಕೂಡಿಸಿಯೂ ಬರೆಯಬಹುದಲ್ಲ. ಅಷ್ಟಕ್ಕಾಗಿ ಬೆರಳು ಮೇಲಿನ ಸಾಲಿಗೆ ಏರಬೇಕಾಗಿಲ್ಲ. ಲಿಲಿ58 ಒಳ್ಳೆಯ ಬೋರ್ಡೇ. ಲೇಯರ್ ಅಂದರೆ ಹೆದರುವವರಿಗೆ ಸರಿ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಕಗಪದ ದಾರಿ ಬೇರೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು ‘ನುಡಿ’ ತಂತ್ರಾಂಶದ ಮೂಲಕ ಮನೆಮನೆಗೆ ಹೋದ ಈ ವಿನ್ಯಾಸದಲ್ಲಿ ಇಡೀ ವರ್ಣಮಾಲೆ 26 ಕೀ ಮತ್ತು ಒಂದು ಶಿಫ್ಟ್‌ನಲ್ಲಿ ಮುಗಿಯುತ್ತದೆ. ಕ್ಯೂ ಒತ್ತಿದರೆ ಟ, ಡಬ್ಲ್ಯು ಒತ್ತಿದರೆ ಡ, ಎಫ್ ಒತ್ತಿದರೆ ಅರ್ಧಾಕ್ಷರದ ಗುರುತು. ಸ್ವೀಪ್‌ಗೆ ಇನ್ನೇನು ಬೇಕು?

ಬೇಕಾಗಿರುವುದು ಶಿಫ್ಟ್. ‘ನಾಳೆ ಬೇಗ ಬಾ’ ಬರೆಯಿರಿ. ಐದು ಅಕ್ಷರಕ್ಕೆ ನಾಲ್ಕು ಶಿಫ್ಟ್. ನಾ, ಳ, ಬೇ, ಬಾ ಎಲ್ಲಕ್ಕೂ ಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಇದೇ ಸಾಲಿಗೆ ಶಿಫ್ಟ್ ಒಂದೇ ಸಲ, ‘ಳ’ಕ್ಕೆ ಮಾತ್ರ. ಮಾಮೂಲಿ ಕೀಬೋರ್ಡಿನಲ್ಲಿ ಕಗಪ ಬರೆಯುವವರ ಕಿರುಬೆರಳು ಎಷ್ಟು ದುಡಿಯುತ್ತದೆ ಅಂತ ಇದರಿಂದಲೇ ಊಹಿಸಿ. ಅದಕ್ಕೆ ಶಿಫ್ಟನ್ನು ಹೆಬ್ಬೆರಳಿಗೆ ಕೊಡಿ. ಹಿಡಿದುಕೊಳ್ಳುವ ಶಿಫ್ಟ್ ಬೇಡ. ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಒಂದು ಕೀಗೆ ಮಾತ್ರ ಅನ್ವಯಿಸುವ ಒನ್‌ಶಾಟ್ ಶಿಫ್ಟ್ ಇರಲಿ. ಕೀಬೋರ್ಡಿನೊಳಗೆ ಓಡುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಕ್ಯುಎಂಕೆ ಎಂಬ ಫರ್ಮ್‌ವೇರಿನಲ್ಲಿ ಒನ್‌ಶಾಟ್ ಶಿಫ್ಟ್‌ಗೊಂದು ಸಿದ್ಧ ಕೀಕೋಡ್ ಇದೆ. ಝಡ್‌ಎಂಕೆ ಎಂಬ ಇನ್ನೊಂದು ಫರ್ಮ್‌ವೇರಿನಲ್ಲಿ ಇದನ್ನು ಸ್ಟಿಕಿ ಕೀ ಎನ್ನುತ್ತಾರೆ. ಈ ಒಂದು ಬದಲಾವಣೆಯಿಂದ ನನ್ನ ಕನ್ನಡ ಟೈಪಿಂಗ್‌ಗೆ ಸಿಕ್ಕ ಆರಾಮ, ದುಬಾರಿ ಸ್ವಿಚ್, ಕೀಕ್ಯಾಪ್ ಯಾವುದರಿಂದಲೂ ಸಿಕ್ಕಿಲ್ಲ.

ಇಂಗ್ಲಿಷ್ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಕೋಲ್‌ಮ್ಯಾಕ್ ವಿನ್ಯಾಸ ಕಲಿತವರು ಇಲ್ಲಿ ಇನ್ನೊಂದು ಗಮನಿಸಬೇಕು. ಕೀಬೋರ್ಡಿನ ಫರ್ಮ್‌ವೇರ್ ಕನ್ನಡ ಅಕ್ಷರ ಕಳಿಸುವುದಿಲ್ಲ. ಯಾವ ಕೀ ಒತ್ತಿತು ಎಂಬ ಸಂಖ್ಯೆ ಕಳಿಸುತ್ತದೆ. ಅದನ್ನು ಕನ್ನಡವಾಗಿಸುವುದು ಕಂಪ್ಯೂಟರ್. ಫರ್ಮ್‌ವೇರಿನಲ್ಲೇ ಕೋಲ್‌ಮ್ಯಾಕ್ ಕೂರಿಸಿದರೆ ಇನ್‌ಸ್ಕ್ರಿಪ್ಟ್ ಚೆಲ್ಲಾಪಿಲ್ಲಿ, ಏಕೆಂದರೆ ಅದು ಜಾಗ ನಂಬಿದ ವಿನ್ಯಾಸ. ಕಗಪ ಇಂಗ್ಲಿಷ್ ಅಕ್ಷರದ ಬೆನ್ನು ಹಿಡಿದಿರುವುದರಿಂದ ಅದರ ಜೊತೆಗೇ ಬರುತ್ತದೆ. ಕೋಲ್‌ಮ್ಯಾಕ್‌ನದೇ ಒಂದು ರೂಪವಾದ ಕೋಲ್‌ಮ್ಯಾಕ್ ಡಿಎಚ್‌ನ ನಡುಸಾಲಿನಲ್ಲಿ ಕಗಪ ಹೀಗೆ ಬೀಳುತ್ತದೆ: ಎಡಕ್ಕೆ ಅ, ರ, ಸ, ತ, ಗ, ಬಲಕ್ಕೆ ಮ, ನ, ಎ, ಇ, ಒ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸ ಕನ್ನಡದ ಕೈಗೂ ಇಷ್ಟು ಹೊಂದಿದ್ದು ಕಂಡು ನನಗೆ ಬಹಳ ಸಂತೋಷವಾಯಿತು. ನಷ್ಟವೂ ಇದೆ. ಅರ್ಧಾಕ್ಷರದ ಎಫ್ ನಡುಸಾಲಿನಿಂದ ಮೇಲ್ಸಾಲಿಗೆ ಹೋಗುತ್ತದೆ, ‘ಕ’ ಕೆಳಸಾಲಿನ ಒಳಮೂಲೆಗೆ ಬೀಳುತ್ತದೆ. ಇನ್‌ಸ್ಕ್ರಿಪ್ಟ್ ಬಿಡಲಾಗದವರು ಮಾಮೂಲಿ ಇಂಗ್ಲಿಷ್ ಕ್ರಮವಾದ ಕ್ವರ್ಟಿಯ ಒಂದು ಲೇಯರ್ ಪ್ರತ್ಯೇಕ ಇಟ್ಟುಕೊಂಡು, ಭಾಷೆ ಬದಲಿಸುವ ಕೀಯೇ ಆ ಲೇಯರನ್ನೂ ತೆರೆಯುವಂತೆ ಮ್ಯಾಕ್ರೊ ಬರೆಯಬೇಕು. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಬೇರೆ ಬೇರೆ ಕೀ ಇಡಿ. ಒಂದೇ ಕೀಯಲ್ಲಿ ಎರಡರ ನಡುವೆ ಓಡಾಡಿದರೆ ಕೀಬೋರ್ಡ್ ಒಂದು ಭಾಷೆಯಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಉಳಿದುಬಿಡುತ್ತವೆ.

ಸ್ವೀಪ್‌ನಲ್ಲಿ ಕಂಟ್ರೋಲ್, ಆಲ್ಟ್‌ಗಳಿಗೆ ಬೇರೆ ಜಾಗವಿಲ್ಲ. ಅವು ನಡುಸಾಲಿನ ಅಕ್ಷರಗಳ ಕೆಳಗೇ ಕೂರಬೇಕು: ತಟ್ಟಿದರೆ ಅಕ್ಷರ, ಹಿಡಿದರೆ ಕಂಟ್ರೋಲ್. ಕ್ಯುಎಂಕೆಯಲ್ಲಿ ಇವೆರಡರ ಗಡಿ ಮೊದಲಿಗೆ 200 ಮಿಲಿಸೆಕೆಂಡ್ ಇರುತ್ತದೆ. ವೇಗವಾಗಿ ‘ರಿ’, ‘ಸಿ’, ‘ತಿ’ ಬರೆಯುವಾಗ ಎಡಗೈ ಬಿಡುವ ಮೊದಲೇ ಬಲಗೈ ಬಿದ್ದು ಅಕ್ಷರದ ಬದಲು ಯಾವುದೋ ಆಜ್ಞೆ ಹೋಗುವುದುಂಟು. ಹಿಂದಿನ ಕೀ ಒತ್ತಿದ ಕೂಡಲೇ ಬಂದ ಕೀಯನ್ನು ಅಕ್ಷರವೆಂದೇ ಲೆಕ್ಕಹಾಕುವ ಸೌಲಭ್ಯ ಎರಡೂ ಫರ್ಮ್‌ವೇರುಗಳಲ್ಲಿ ಇದೆ. ಕನ್ನಡ ಬರೆಯುವವರು ಅದನ್ನು ಮೊದಲೇ ಚಾಲೂ ಮಾಡಿ. ಕಾರ್ನೆಯಲ್ಲಿ ಕಂಟ್ರೋಲ್ ಅಂಚಿನ ಕಂಬದಲ್ಲೇ ಇರಬಹುದು, ಈ ರಗಳೆಯೇ ಇಲ್ಲ.

ನನ್ನ ಮೇಜಿನ ಮೇಲೆ ಈಗ ಇರುವುದು ಸ್ವೀಪ್, ಕೋಲ್‌ಮ್ಯಾಕ್ ಡಿಎಚ್, ಕಗಪ. ಇದರಲ್ಲಿ ಬೆರಳು ತನ್ನ ಜಾಗದಿಂದ ಒಂದು ಕೀಗಿಂತ ದೂರ ಹೋಗುವುದಿಲ್ಲ. ಅದರಲ್ಲಿರುವ ಚಾಕ್ ಎಂಬ ಗಿಡ್ಡ ಸ್ವಿಚ್‌ಗಳ ನಡುವೆ ಅಡ್ಡಕ್ಕೆ 18, ಉದ್ದಕ್ಕೆ 17 ಮಿಲಿಮೀಟರ್ ಅಷ್ಟೇ ಅಂತರ. ಮಾಮೂಲಿ ಎತ್ತರದ ಎಂಎಕ್ಸ್ ಸ್ವಿಚ್‌ಗಳ 19.05ರಿಂದ ಬಂದವರಿಗೆ ಆ ವ್ಯತ್ಯಾಸ ಬೆರಳಲ್ಲೇ ಗೊತ್ತಾಗುತ್ತದೆ. ಇನ್‌ಸ್ಕ್ರಿಪ್ಟ್‌ನವರು ಯಾರು ಕೇಳಿದರೂ ಕಾರ್ನೆ ಎನ್ನುತ್ತೇನೆ. ಎರಡು ವಿನ್ಯಾಸಗಳಲ್ಲಿ ಯಾವುದು ಎಂದು ಇನ್ನೂ ನಿರ್ಧರಿಸದವರಿಗೂ ಅದೇ. 42 ಕೀಗಳಲ್ಲಿ 34ರ ವಿನ್ಯಾಸ ಅಭ್ಯಾಸ ಮಾಡಬಹುದು, ತಿರುಗುಮುರುಗು ಆಗದು.

ದುಡ್ಡು ಹಾಕುವ ಮೊದಲು ಈಗಿರುವ ಕೀಬೋರ್ಡಿನಲ್ಲೇ ಒಂದು ಪರೀಕ್ಷೆ ಮಾಡಿ. ಚೌಕ ಆವರಣ, ಉದ್ಧರಣ ಚಿಹ್ನೆ, ಅಂಕಿ 1ರ ಪಕ್ಕದ ಕೀ, ಈ ಮೂರರ ಮೇಲೆ ಟೇಪ್ ಅಂಟಿಸಿ. ಮನೆಯವರಿಗೆ ಒಂದು ಪತ್ರ ಕನ್ನಡದಲ್ಲಿ ಬರೆಯಿರಿ. ಬೆರಳು ಟೇಪಿಗೆ ತಾಗುತ್ತಲೇ ಇದ್ದರೆ ಸ್ವೀಪ್ ಬೇಡ, ಕಾರ್ನೆಯ ಕಿಟ್ ತರಿಸಿ.